24ರ ಸಂಜೆಯ ಅಗ್ಗದ ವಿಮಾನ

ಡಿಸೆಂಬರ್ 24ರಿಂದ 28, ಜೊತೆಗೆ ಊರಿಂದ ಬಂದಿರುವ ತಾಯಿ, ಶುದ್ಧ ಸಸ್ಯಾಹಾರ, ಜರ್ಮನಿಯ ಚಳಿ ತಪ್ಪಿಸಿಕೊಂಡು ಹಬ್ಬದ ಸಡಗರ ನೋಡಲು ಇಟಲಿಯ ನೇಪಲ್ಸ್, ಬಾರ್ಸಿಲೋನಾ, ಅಥೆನ್ಸ್‌ನಲ್ಲಿ ಯಾವುದು ವಾಸಿ ಅಂತ ಕೇಳಿದ್ದೀರಿ. ಓದುತ್ತಿದ್ದ ಹಾಗೆ ಇದನ್ನು ನಾನೇ ಬರೆದು ಮರೆತಿದ್ದೇನಾ ಅನ್ನಿಸಿಬಿಟ್ಟಿತು.

ನಾನಿರುವುದು ಮ್ಯೂನಿಕ್‌ನಲ್ಲಿ. 2024ರಲ್ಲಿ ಶಿವಮೊಗ್ಗದಿಂದ ಅಮ್ಮ ಬಂದಿದ್ದಳು. ನಾನು, ನನ್ನ ಹೆಂಡತಿ, ಅಮ್ಮ, ಮೂರು ಜನ ನೇಪಲ್ಸ್‌ಗೆ ಹೋದೆವು. ಊರಿನದೇನೂ ತಪ್ಪಿಲ್ಲ. ತಪ್ಪೆಲ್ಲ ನನ್ನದು, ಅದೂ ವಿಮಾನದ ಟಿಕೆಟ್ ತೆಗೆಯುವಾಗ ಮಾಡಿದ್ದು. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಜಾರಾದರೂ ಓದಿ.

23ನೇ ತಾರೀಖು ಸೋಮವಾರದ ವಿಮಾನಕ್ಕೆ ತಲೆಗೆ 140 ಯೂರೋ ತೋರಿಸುತ್ತಿತ್ತು. 24ರ ಸಂಜೆಯದಕ್ಕೆ 60. ಮೂರು ಜನಕ್ಕೆ 240 ಯೂರೋ ಉಳಿತಾಯ. ಒಂದು ರಾತ್ರಿಯ ಮನೆ ಬಾಡಿಗೆ 110 ಉಳಿಯಿತು, ಆಫೀಸಿನ ಒಂದು ದಿನದ ರಜೆಯೂ ಉಳಿಯಿತು. ಇದನ್ನೆಲ್ಲ ಎಕ್ಸೆಲ್‌ನಲ್ಲಿ ಹಾಕಿ ಹೆಂಡತಿಗೆ ತೋರಿಸಿದ್ದೆ. ಅವಳು ಒಂದೇ ಮಾತು ಕೇಳಿದಳು: ‘ಅಷ್ಟು ಅಗ್ಗ ಯಾಕೆ?’ ನಾನು ‘ಅದೃಷ್ಟ’ ಅಂದೆ. ಅದೃಷ್ಟ ಅಲ್ಲ. ಅವತ್ತು ಸಂಜೆ ಅಲ್ಲಿಗೆ ಹೋಗಬೇಕಾದವರೆಲ್ಲ ಆಗಲೇ ಹೋಗಿ ಮನೆ ಸೇರಿಕೊಂಡಿರುತ್ತಾರೆ, ಅದಕ್ಕೇ ಅಗ್ಗ.

ಜರ್ಮನಿಯಲ್ಲಿ 24ರ ಮಧ್ಯಾಹ್ನವೇ ಅಂಗಡಿ ಮುಚ್ಚುತ್ತಾರೆ, 25, 26 ಎರಡೂ ರಜೆ ಅಂತ ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೆ ನೇಪಲ್ಸ್‌ನವರು ದಕ್ಷಿಣದವರು, ಗಲಾಟೆ ಜನ, ನಮ್ಮವರ ಹಾಗೆ, ಹಬ್ಬ ಅಂದರೆ ಬೀದಿ ತುಂಬ ಜನ ಇರುತ್ತಾರೆ ಅಂದುಕೊಂಡೆ. ನನ್ನ ತಲೆಯಲ್ಲಿ ಇದ್ದದ್ದು ಜಾತ್ರೆ. ಅವರ ಹಬ್ಬ ಮನೆಯೊಳಗಿನದು. 24ರ ಮಧ್ಯಾಹ್ನದವರೆಗೆ ಬೀದಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲವಂತೆ, ಸಂಜೆಗೆ ಇಡೀ ಊರು ಊಟದ ಮೇಜಿಗೆ ಕೂತುಬಿಡುತ್ತದೆ. ನಾವು ಇಳಿದದ್ದು ಸರಿಯಾಗಿ ಆ ಹೊತ್ತಿಗೆ.

ಹೊರಡುವ ಮೊದಲೇ ಒಂದು ಆಘಾತ ಆಗಿತ್ತು. ಅಗ್ಗದ ಟಿಕೆಟ್, ಹಾಗಾಗಿ ಕೈಚೀಲ ಮಾತ್ರ. ಸೆಕ್ಯುರಿಟಿಯಲ್ಲಿ ಅಮ್ಮನ ಮಾವಿನ ಮಿಡಿ ಉಪ್ಪಿನಕಾಯಿ ಬಾಟಲಿಯನ್ನು ಎತ್ತಿ ಕಸದ ಡಬ್ಬಿಗೆ ಹಾಕಿದರು. ಎಣ್ಣೆ, ರಸ, ನೂರು ಮಿಲಿಲೀಟರ್ ಮೇಲೆ, ನಿಯಮ ನಿಯಮವೇ. ಚಟ್ನಿಪುಡಿ ಪುಡಿಯಾದ್ದರಿಂದ ಬಚಾವಾಯಿತು. ಅಮ್ಮ ವಿಮಾನ ಹತ್ತುವವರೆಗೂ ಮಾತಾಡಲಿಲ್ಲ.

ಆರೂವರೆಗೆ ಇಳಿಯಬೇಕಾಗಿದ್ದವರು ಏಳೂಕಾಲಿಗೆ ಇಳಿದೆವು. ಪೇಟೆಗೆ ಹೋಗುವ ಬಸ್ಸು ಆಗಲೇ ನಿಂತಿತ್ತು. ಟ್ಯಾಕ್ಸಿಗೆ ಮುಕ್ಕಾಲು ಗಂಟೆ ಕಾದೆವು. (ನೇಪಲ್ಸ್‌ನಲ್ಲಿ ಏರ್‌ಪೋರ್ಟ್‌ನಿಂದ ಟ್ಯಾಕ್ಸಿಗೆ ನಿಗದಿತ ದರ ಇದೆ, ಆದರೆ ಹತ್ತುವ ಮುಂಚೆಯೇ ಕೇಳಬೇಕು. ನಾನು ಕೇಳಲಿಲ್ಲ.) ಮನೆ ಮಾಲೀಕ ‘ಆರು ಗಂಟೆ ಮೇಲೆ ನಾನು ಅಮ್ಮನ ಮನೆಯಲ್ಲಿರುತ್ತೇನೆ’ ಅಂತ ಮೊದಲೇ ಬರೆದಿದ್ದ. ನಾನದನ್ನು ಸೌಜನ್ಯದ ಮಾತು ಅಂತ ಓದಿಕೊಂಡಿದ್ದೆ. ಒಂಬತ್ತು ಗಂಟೆಗೆ ಊಟದ ನಡುವೆ ಎದ್ದು ಬಂದು ಬೀಗ ತೆಗೆದು, ತಡವಾಗಿದ್ದಕ್ಕೆ 40 ಯೂರೋ ಎಣಿಸಿಕೊಂಡು ಹೋದ. ಅವನನ್ನು ಬೈಯಲು ನನಗೆ ಬಾಯಿಲ್ಲ.

ಕಟ್ಟಡದ ಮೆಟ್ಟಿಲ ತುಂಬ ಮೀನು ಕರಿಯುವ ವಾಸನೆ. ಅವತ್ತು ರಾತ್ರಿ ಅಲ್ಲಿ ಮಾಂಸ ಮಾಡುವುದಿಲ್ಲ, ಮೀನೇ ಹಬ್ಬದಡುಗೆ: ಉಪ್ಪು ಹಾಕಿ ಒಣಗಿಸಿದ ಕಾಡ್ ಮೀನನ್ನು ನೆನೆಸಿ ಕರಿಯುತ್ತಾರೆ, ದಪ್ಪ ಹಾವುಮೀನು ಬೇರೆ. ಅಮ್ಮ ಸೆರಗನ್ನು ಮೂಗಿಗೆ ಹಿಡಿದುಕೊಂಡೇ ಮೂರು ಮಹಡಿ ಹತ್ತಿದಳು. ತಿನ್ನಲು ಏನೂ ಸಿಗಲಿಲ್ಲ. ಬಿಸ್ಕತ್ತಿಗೆ ಚಟ್ನಿಪುಡಿ ಅದ್ದಿಕೊಂಡು ತಿಂದು ಮಲಗಿದೆವು.

ಮಲಗಿದೆವು ಅಂದೆನಲ್ಲ, ನಡುಗಿದೆವು. ನಿಮ್ಮ ‘ಚಳಿ ತಪ್ಪಿಸಿಕೊಳ್ಳಲು’ ಅನ್ನುವ ಮಾತಿಗೆ ಇಲ್ಲಿ ಬರುತ್ತೇನೆ. ಡಿಸೆಂಬರ್‌ನಲ್ಲಿ ನೇಪಲ್ಸ್‌ನ ಹಗಲು 13-14 ಡಿಗ್ರಿ ಇರುತ್ತದೆ, ಹೊರಗೆ ಓಡಾಡಲು ಹಿತವೇ, ಮಳೆ ಬರದಿದ್ದರೆ. ಆದರೆ ಅದು ಮಳೆಗಾಲವೇ. ಮನೆಗಳು ಬೇಸಿಗೆಗೆ ಕಟ್ಟಿದವು: ಎತ್ತರದ ಚಾವಣಿ, ಕಲ್ಲಿನ ನೆಲ, ಸಂದು ಬಿಟ್ಟ ಕಿಟಕಿ. ಇಟಲಿಯಲ್ಲಿ ಮನೆಯ ಹೀಟಿಂಗ್‌ಗೂ ಕಾನೂನಿದೆ. ದೇಶವನ್ನು ಹವಾಮಾನದ ವಲಯಗಳಾಗಿ ಭಾಗ ಮಾಡಿದ್ದಾರೆ. ನೇಪಲ್ಸ್ ಸಿ ವಲಯ, ನವೆಂಬರ್ 15ರಿಂದ ಮಾರ್ಚ್ 31ರವರೆಗೆ, ದಿನಕ್ಕೆ ಹೆಚ್ಚೆಂದರೆ 10 ಗಂಟೆ. ರಾತ್ರಿ ಹನ್ನೊಂದಕ್ಕೆ ರೇಡಿಯೇಟರ್ ತಣ್ಣಗಾಯಿತು. ‘ಮ್ಯೂನಿಕ್‌ನಲ್ಲಿ ಹೊರಗೆ ಚಳಿ ಕಣೋ, ಇಲ್ಲಿ ಒಳಗೆ’ ಅಂದಳು ಅಮ್ಮ. ಅದಕ್ಕಿಂತ ಸರಿಯಾಗಿ ನಾನು ಹೇಳಲಾರೆ.

25ನೇ ತಾರೀಖು, ಬುಧವಾರ. ನಾನು ನೇಪಲ್ಸ್ ಆರಿಸಿದ್ದೇ ಸಾನ್ ಗ್ರೆಗೋರಿಯೋ ಅರ್ಮೇನೋ ಅನ್ನುವ ಒಂದು ಗಲ್ಲಿಗಾಗಿ. ಪ್ರೆಸೇಪೆ ಅಂತ ಅವರು ಕ್ರಿಸ್ಮಸ್‌ಗೆ ಗೊಂಬೆ ಕೂರಿಸುತ್ತಾರಲ್ಲ, ಆ ಗೊಂಬೆ ಮಾಡುವವರ ಬೀದಿ. ಅಮ್ಮ ಪ್ರತಿ ದಸರಾಕ್ಕೆ ಗೊಂಬೆ ಕೂರಿಸುವವಳು, ಅವಳಿಗೆ ತೋರಿಸಬೇಕು ಅಂತ. ಹೋದರೆ ಬಹುತೇಕ ಶಟರ್ ಎಳೆದಿತ್ತು. ಎರಡು ದಿನ ಮೊದಲು ಬಂದಿದ್ದರೆ ಮೊಣಕೈಯಲ್ಲಿ ತಳ್ಳಿಕೊಂಡು ನಡೆಯಬೇಕಾಗಿದ್ದ ಗಲ್ಲಿ. ಆ ಖಾಲಿ ಗಲ್ಲಿಯಲ್ಲಿ ನಿಂತಾಗ 240 ಯೂರೋ ನೆನಪಾಯಿತು.

ಊಟಕ್ಕೆ ಅಲೆದು ಅಲೆದು ಕೊನೆಗೆ ತೆರೆದಿದ್ದು ಕಂಡದ್ದು ಒಂದು ಶ್ರೀಲಂಕಾದವರ ಅಂಗಡಿ. ನೇಪಲ್ಸ್‌ನಲ್ಲಿ ಸಿಂಹಳೀಯರು ಬಹಳ ಇದ್ದಾರೆ ಅಂತ ನನಗೆ ಗೊತ್ತೇ ಇರಲಿಲ್ಲ. ಅಕ್ಕಿ, ತೊಗರಿಬೇಳೆ, ಹಸಿಮೆಣಸು, ಎಲ್ಲಕ್ಕಿಂತ ಮಿಗಿಲಾಗಿ ತಾಜಾ ಕರಿಬೇವು. ಅಂಗಡಿಯವನು ಅದನ್ನು ಕರಪಿಂಚ ಅಂದ, ಅಮ್ಮ ಕರಿಬೇವು ಅಂದಳು, ಇಬ್ಬರೂ ತಲೆಯಾಡಿಸಿದರು. ಅವತ್ತು ರಾತ್ರಿ ತಿಳಿಸಾರು ಅನ್ನ ಉಂಡೆವು. ಇಡೀ ಪ್ರವಾಸದ ಅತ್ಯುತ್ತಮ ಊಟ ಅದೇ ಅಂತ ಹೆಂಡತಿ ಇವತ್ತಿಗೂ ಹೇಳುತ್ತಾಳೆ, ಹೊಗಳಿಕೆಯೋ ಚುಚ್ಚೋ ಗೊತ್ತಿಲ್ಲ.

26ಕ್ಕೆ ಪಾಂಪೇಯಿ, ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋಗಿದ್ದ ಹಳೇ ರೋಮನ್ ಊರು. ಡಿಸೆಂಬರ್ 25 ಮತ್ತು ಜನವರಿ 1ಕ್ಕೆ ಅದು ಮುಚ್ಚಿರುತ್ತದೆ, 26ಕ್ಕೆ ತೆರೆದಿತ್ತು. 2024ರ ನವೆಂಬರ್‌ನಿಂದ ದಿನಕ್ಕೆ 20,000 ಜನರ ಮಿತಿ ಹಾಕಿದ್ದಾರೆ, ಟಿಕೆಟ್ ಮೇಲೆ ಹೆಸರಿರುತ್ತದೆ, ಅಮ್ಮನ ಪಾಸ್‌ಪೋರ್ಟ್ ಜೊತೆಗಿರಲಿ. ಕಲ್ಲು ಹಾಸಿನ ಮೇಲೆ ಮಂಡಿ ನೋವಿನವರು ಒಂದೂವರೆ ಗಂಟೆಗಿಂತ ಹೆಚ್ಚು ನಡೆಯಲಾರರು. ಬೇಕರಿಯೊಂದರ ಬೀಸುವ ಕಲ್ಲಿನ ಮುಂದೆ ಅಮ್ಮ ಬಹಳ ಹೊತ್ತು ನಿಂತಳು. ಬಿಸಿ ಅಡುಗೆ ಮಾರುತ್ತಿದ್ದ ಅಂಗಡಿಯ ಕಟ್ಟೆ, ಅದರಲ್ಲಿ ಹೂತ ಮಡಕೆಗಳು ಇನ್ನೂ ಹಾಗೇ ಇವೆ. ‘ಎರಡು ದಿನದಲ್ಲಿ ಬಾಗಿಲು ತೆರೆದಿರುವ ಮೊದಲ ಹೋಟೆಲು’ ಅಂದಳು ಹೆಂಡತಿ.

27ಕ್ಕೆ ಊರು ಮೈಮುರಿದು ಎದ್ದಿತು. ಬೆಳಿಗ್ಗೆ ಫ್ಯುನಿಕ್ಯುಲರ್ ಅನ್ನುವ, ಹಗ್ಗ ಎಳೆಯುವ ರೈಲು ಹತ್ತಿ ಗುಡ್ಡದ ಮೇಲಿನ ಸಾನ್ ಮಾರ್ತೀನೋ ಮಠಕ್ಕೆ ಹೋದೆವು. ಅಲ್ಲಿ ಕುಚಿನಿಯೆಲ್ಲೋ ಎಂಬಾತ ಕೊಟ್ಟ ಗೊಂಬೆಗಳ ದೊಡ್ಡ ಪ್ರೆಸೇಪೆ ಇದೆ, 1879ರಿಂದ. ನಡುವೆ ಏಸುವಿನ ಜನನ. ಸುತ್ತ ತರಕಾರಿಯವಳು, ಕಟುಕ, ಹೋಟೆಲಿನವನು, ಬೀದಿ ಸಂಗೀತಗಾರರು, ಅಂಗೈಯಗಲದ ಬುಟ್ಟಿಯಲ್ಲಿ ಕಾಳಿನಷ್ಟು ಹಣ್ಣು. ಅಮ್ಮ ನೋಡಿದ್ದೇ ‘ಶೆಟ್ಟಿ ಅಂಗಡಿ ಇಟ್ಟಿದ್ದಾರೆ ಕಣೋ!’ ಅಂದಳು. ನಮ್ಮ ಗೊಂಬೆ ಮೆಟ್ಟಿಲಲ್ಲಿ ಪಟ್ಟದ ರಾಜ-ರಾಣಿಗಿಂತ ಮಕ್ಕಳಿಗೆ ಇಷ್ಟ ಆಗುವುದು ಶೆಟ್ಟಿ ಮತ್ತು ಅವನ ಹೆಂಡತಿಯೇ ತಾನೆ. ಪ್ರೆಸೇಪೆಯ ಮೇಲ್ತುದಿಯಲ್ಲಿ ಸಾಮಾನ್ಯವಾಗಿ ಒಬ್ಬ ಕುರುಬ ಮಲಗಿರುತ್ತಾನೆ, ಹೆಸರು ಬೆನೀನೋ. ಕೆಳಗಿನ ಪ್ರಪಂಚವೆಲ್ಲ ಅವನ ಕನಸು, ಎಬ್ಬಿಸಿದರೆ ಮಾಯವಾಗುತ್ತದೆ ಅನ್ನುವ ನಂಬಿಕೆ. ಶಿಶು ಏಸುವನ್ನು 24ರ ಮಧ್ಯರಾತ್ರಿಯವರೆಗೆ ಗೋದಲಿಯಲ್ಲಿ ಇಡುವುದಿಲ್ಲ. ‘ಸದ್ಯ, ನಾವು ಬಂದಾಗ ಅವನಾದರೂ ಬಂದಿದ್ದ’ ಅಂದಳು ಅಮ್ಮ. ಇಳಿದು ಬಂದು ಆ ಗಲ್ಲಿಯಲ್ಲಿ ಒಬ್ಬ ಬೆನೀನೋ ಕೊಂಡಳು, ಕೈಸನ್ನೆಯಲ್ಲೇ ಚೌಕಾಸಿ ಮಾಡಿ ಮೂರು ಯೂರೋ ಇಳಿಸಿ. ಕೈಚೀಲದಲ್ಲಿ ಅವನ ಒಂದು ಕಾಲು ಮುರಿಯಿತು.

ಅಂದರೆ ನಾಲ್ಕು ರಾತ್ರಿಗೆ ದುಡ್ಡು ಕೊಟ್ಟು ನೇಪಲ್ಸ್ ನೋಡಿದ್ದು ಒಂದು ದಿನ. ಅದಕ್ಕೇ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಮೂರು ಊರಲ್ಲಿ ಯಾವುದು ಅಂತ ತೂಗಬೇಡಿ, ತಾರೀಖು ಬದಲಿಸಿ. ಬಾರ್ಸಿಲೋನಾಕ್ಕೆ ಹೋದರೂ 26 ರಜೆಯೇ, ಸಂತ ಸ್ಟೀಫನ್‌ನ ದಿನ. ಅಥೆನ್ಸ್‌ನ ಗುಡ್ಡದ ಮೇಲಿನ ಪುರಾತನ ಕೋಟೆ ಆಕ್ರೊಪೊಲಿಸ್ 25, 26 ಎರಡೂ ದಿನ ಮುಚ್ಚಿರುತ್ತದೆ. 20ರಿಂದ 23ಕ್ಕೆ ಹೋಗಿ ಬನ್ನಿ, ಅಥವಾ 27ಕ್ಕೆ ಹೊರಟು ಜನವರಿ 6ರೊಳಗೆ ಯಾವಾಗಲಾದರೂ. ಇಟಲಿಯಲ್ಲಿ ಹಬ್ಬ ಮುಗಿಯುವುದೇ 6ಕ್ಕೆ. 24, 25ಕ್ಕೆ ನಿಮ್ಮ ಮನೆಯಲ್ಲಿ ಹೀಟರ್ ಹಾಕಿಕೊಂಡು ಬಿಸಿಬೇಳೆಬಾತ್ ಮಾಡಿ.

ಊಟದ ವಿಷಯಕ್ಕೆ ಹೆದರಬೇಡಿ, ಅಂಗಡಿ ತೆರೆದಿದ್ದರೆ ನೇಪಲ್ಸ್ ಸಸ್ಯಾಹಾರಿಗಳ ಸ್ವರ್ಗ. ಮರಿನಾರಾ ಪಿಜ್ಜಾದಲ್ಲಿ ಚೀಸ್ ಕೂಡ ಇಲ್ಲ, ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ, ಎಣ್ಣೆ, ಅಷ್ಟೇ. ಹಬ್ಬದ ಹೂಕೋಸಿನ ಸಲಾಡ್ ನೋಡಲು ನಿರುಪದ್ರವಿ, ಅದರಲ್ಲಿ ಸಣ್ಣ ಮೀನು ಇರುತ್ತದೆ. ಸ್ಫೋಲ್ಯಾತೆಲ್ಲ ಅಂತ ಪದರ ಪದರದ ಸಿಹಿ ಸಿಗುತ್ತದೆ, ನಮ್ಮ ಚಿರೋಟಿಯ ತಂಗಿ. ಅಮ್ಮ ಎರಡು ತಿಂದಳು. ಆ ಪದರಗಳಿಗೆ ಸವರುವುದು ಹಂದಿಕೊಬ್ಬು ಅಂತ ನನಗೆ ಮ್ಯೂನಿಕ್‌ಗೆ ವಾಪಸು ಬಂದಮೇಲೆ ತಿಳಿಯಿತು. ಅಮ್ಮನಿಗೆ ಇನ್ನೂ ಹೇಳಿಲ್ಲ.

ಟಿಕೆಟ್ ಆಗಲೇ ತೆಗೆದಿದ್ದರೆ, ರದ್ದು ಮಾಡಲು ಬರದಿದ್ದರೆ, 24ರ ಬೆಳಗಿನ ವಿಮಾನಕ್ಕಾದರೂ ಬದಲಾಯಿಸಿಕೊಳ್ಳಿ, ಮಧ್ಯಾಹ್ನದೊಳಗೆ ಎರಡು ದಿನದ ಅಕ್ಕಿ, ಬೇಳೆ, ಹಾಲು ತಂದಿಟ್ಟುಕೊಳ್ಳಿ. ದುಡ್ಡು ಹೆಚ್ಚಾದರೂ ಒಂದು ಚೆಕ್-ಇನ್ ಬ್ಯಾಗ್ ಸೇರಿಸಿ, ಉಪ್ಪಿನಕಾಯಿ ಅದರಲ್ಲಿ ಹಾಕಿ.