ದಿನಾಲೂ ಪ್ರಾರ್ಥಿಸಿದರೂ ಮನಸ್ಸು ಒಣಗಿಯೇ ಇದೆ, ಇನ್ನೂ ಆಳಕ್ಕೆ ಹೋಗುವುದು ಹೇಗೆ?

ನಸುಕಿನ ಮೂರು ಗಂಟೆಗೆ ಏಳಬೇಕೇ, ಉಪವಾಸ ಹೆಚ್ಚಿಸಬೇಕೇ ಎಂದು ಕೇಳಿದ್ದೀರಿ. ಇದೇ ಪ್ರಶ್ನೆ ನನ್ನನ್ನೂ ವರ್ಷಗಟ್ಟಲೆ ಕಾಡಿತ್ತು.

ನಮ್ಮದು ಬೆಟಗೇರಿಯ ಮನೆತನ. 1841ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ ಅಲ್ಲಿ ನೆಲೆಯೂರಿತು; ಆ ಪರಂಪರೆಯ ಕ್ರೈಸ್ತ ಸಭೆಯಲ್ಲೇ ನಾನು ಬೆಳೆದೆ. ರಾತ್ರಿ ಊಟಕ್ಕೆ ಮುಂಚೆ ಅಪ್ಪ ಸತ್ಯವೇದದ (ಬೈಬಲಿನ) ಒಂದು ಕೀರ್ತನೆ ಓದುತ್ತಿದ್ದರು, ಬಳಿಕ ಎಲ್ಲರೂ ಯೇಸು ಕಲಿಸಿದ ಕರ್ತನ ಪ್ರಾರ್ಥನೆ ಹೇಳುತ್ತಿದ್ದೆವು. ಕೆಲಸಕ್ಕೆಂದು ಹುಬ್ಬಳ್ಳಿಗೆ ಬಂದ ಮೇಲೆ ಯುವಕರ ಒಂದು ಪ್ರಾರ್ಥನಾಕೂಟಕ್ಕೆ ಸೇರಿದೆ. ಅಲ್ಲಿ ಎಲ್ಲರೂ ಸ್ವಂತ ಮಾತಿನಲ್ಲಿ, ಕಣ್ಣೀರಿಟ್ಟು ಪ್ರಾರ್ಥಿಸುತ್ತಿದ್ದರು. ಅದನ್ನು ಕಂಡು, ಬಾಯಿಪಾಠದ ಪ್ರಾರ್ಥನೆಯೆಲ್ಲ ಬರೀ ತುಟಿಯ ಸೇವೆ ಎಂದು ತೀರ್ಮಾನಿಸಿ ಕೀರ್ತನೆಗಳನ್ನೂ ಕರ್ತನ ಪ್ರಾರ್ಥನೆಯನ್ನೂ ಬಿಟ್ಟುಬಿಟ್ಟೆ.

ಆ ತೀರ್ಮಾನಕ್ಕೆ ನಾನು ಕೊಡುತ್ತಿದ್ದ ಆಧಾರ ಮತ್ತಾಯನ ಸುವಾರ್ತೆಯ 6ನೆಯ ಅಧ್ಯಾಯದ 7ನೆಯ ವಚನ. ಹೇಳಿದ್ದನ್ನೇ ಹೇಳುತ್ತ ಹೋಗಬೇಡಿರೆಂದು ಯೇಸು ಎಚ್ಚರಿಸುವ ವಚನವದು. ಆದರೆ ನಾನು ಅಲ್ಲಿಗೇ ನಿಂತೆ. ಅದೇ ಯೇಸು 9ನೆಯ ವಚನದಲ್ಲಿ, ಹೀಗೆ ಪ್ರಾರ್ಥಿಸಿರಿ ಎಂದು ಸಿದ್ಧವಾದ ಮಾತುಗಳನ್ನೇ ಶಿಷ್ಯರ ಕೈಗೆ ಕೊಡುತ್ತಾನೆ. ಎರಡೇ ವಚನಗಳ ಅಂತರ! ನಾನೇ ಹೆಣೆದ ಮಾತು ಮಾತ್ರ ಪ್ರಾಮಾಣಿಕ, ಕೊಟ್ಟ ಮಾತು ಸುಳ್ಳು ಎಂದುಕೊಂಡಿದ್ದರಿಂದ ನನ್ನ ಪ್ರಾರ್ಥನೆ ನನ್ನ ಬೇಡಿಕೆಗಳಷ್ಟಕ್ಕೇ ಕುಗ್ಗಿತು. ಸ್ತುತಿ, ಪರರ ನೋವು, ದೇವರೊಂದಿಗಿನ ಜಗಳ ಯಾವುದಕ್ಕೂ ಅದರಲ್ಲಿ ಜಾಗವಿರಲಿಲ್ಲ, ಏಕೆಂದರೆ ಅವು ನನಗೆ ತಾವಾಗಿ ಹೊಳೆಯುತ್ತಿರಲಿಲ್ಲ.

ಆಗ ಅಪ್ಪನಿಗೆ ಪಾರ್ಶ್ವವಾಯು ಬಡಿದು ಮಾತು ನಿಂತಿತು. ಆಸ್ಪತ್ರೆಯಲ್ಲಿ ನಾನು "ಕರ್ತನೇ, ಗುಣಪಡಿಸು" ಎಂಬ ಒಂದನ್ನೇ ಹೇಳುತ್ತ ಹೋದೆ, ಕೊನೆಗೆ ಅದೂ ನಿಂತಿತು. ನೀರು ಬೇಕೆಂದು ಕೇಳಲಾರದ ಅಪ್ಪ, ಒಂದು ಸಂಜೆ ಅವ್ವ "ಪರಲೋಕದಲ್ಲಿರುವ ನಮ್ಮ ತಂದೆಯೇ" ಎಂದು ಆರಂಭಿಸಿದಾಗ ತೊದಲುತ್ತಲೇ ಜೊತೆಗೂಡಿ ಆಮೆನ್‌ವರೆಗೂ ಹೇಳಿದರು. ಸ್ವಂತ ವಾಕ್ಯ ಕಟ್ಟುವ ಶಕ್ತಿ ಹೋದರೂ ಕಂಠಪಾಠವಾದ ಪ್ರಾರ್ಥನೆ, ಹಾಡುಗಳು ಎಷ್ಟೋ ಸಲ ಉಳಿದಿರುತ್ತವೆಂದು ವೈದ್ಯರು ವಿವರಿಸಿದರು. ನಾಲಿಗೆ ಸರಿಯಿದ್ದ ನನ್ನಲ್ಲಿ ಮಾತಿರಲಿಲ್ಲ. ಆ ನಂತರವೂ ಬಹುಕಾಲ ನಾನು ಪ್ರಾರ್ಥಿಸಲಿಲ್ಲ. ಅಪ್ಪನ ಕೊನೆಯ ತಿಂಗಳುಗಳಲ್ಲಿ ಅವರೊಂದಿಗೆ ಪ್ರಾರ್ಥಿಸುವ ಅವಕಾಶವನ್ನು ಹೀಗೆ ಕಳೆದುಕೊಂಡೆ.

ಆದ್ದರಿಂದ, ಮನಸ್ಸು ಒಣಗಿದೆಯೆಂದರೆ ಪ್ರಾರ್ಥನೆ ಆಳವಾಗಿಲ್ಲ ಎಂಬ ನಿಮ್ಮ ಲೆಕ್ಕವನ್ನೇ ನಾನು ಒಪ್ಪುವುದಿಲ್ಲ. 88ನೆಯ ಕೀರ್ತನೆಯನ್ನು ನೋಡಿ: ಅದು ಕತ್ತಲೆಯಲ್ಲೇ ಮುಗಿಯುತ್ತದೆ, ಸಮಾಧಾನದ ಒಂದು ಸಾಲೂ ಕೊನೆಗೆ ಬರುವುದಿಲ್ಲ, ಆದರೂ ಅದು ಸತ್ಯವೇದದಲ್ಲಿದೆ. ಹೇಗೆ ಪ್ರಾರ್ಥಿಸಬೇಕೋ ನಮಗೆ ತಿಳಿಯದು, ಪವಿತ್ರಾತ್ಮನೇ ನಮಗಾಗಿ ಬೇಡಿಕೊಳ್ಳುತ್ತಾನೆ ಎಂದು ಪೌಲನೂ ರೋಮಾಪುರದವರಿಗೆ ಬರೆದ ಪತ್ರದ 8ನೆಯ ಅಧ್ಯಾಯದಲ್ಲಿ ಹೇಳುತ್ತಾನೆ. ಭಾವನೆ ಉಕ್ಕಿಸುವುದಕ್ಕಾಗಿ ಮಾಡುವ ಉಪವಾಸ ನನ್ನ ಮಟ್ಟಿಗೆ ವ್ಯರ್ಥ. ನಸುಕಿನಲ್ಲಿ ಯೇಸು ಪ್ರಾರ್ಥಿಸಿದ್ದು ನಿಜ, ಆದರೆ 55ನೆಯ ಕೀರ್ತನೆ ಸಂಜೆ, ಮುಂಜಾನೆ, ಮಧ್ಯಾಹ್ನ ಮೂರನ್ನೂ ಹೆಸರಿಸುತ್ತದೆ. ನಿಮಗೆ ನಿದ್ದೆಗಣ್ಣಿಲ್ಲದ ಹೊತ್ತನ್ನು ಆರಿಸಿಕೊಳ್ಳಿ.

ಕೀರ್ತನೆಗಳು 150. ಆಂಗ್ಲಿಕನ್ (ಇಂಗ್ಲೆಂಡ್ ಮೂಲದ) ಸಭೆಯ ಪ್ರಾರ್ಥನಾ ಪುಸ್ತಕ ಅವನ್ನು ಬೆಳಿಗ್ಗೆ ಮತ್ತು ಸಂಜೆಗೆ ಹಂಚಿ 30 ದಿನಗಳಲ್ಲಿ ಮುಗಿಸುತ್ತದೆ. ಅಷ್ಟು ಆಗದಿದ್ದರೆ ದಿನಕ್ಕೆ ಒಂದನ್ನಾದರೂ ಗಟ್ಟಿಯಾಗಿ, ಮನೆಮಂದಿಗೆ ಕೇಳುವಂತೆ ಓದಿ, ಕರ್ತನ ಪ್ರಾರ್ಥನೆ ಹೇಳಿ. ಆ ದಿನದ ಕೀರ್ತನೆ ನಿಮ್ಮ ಸ್ಥಿತಿಗೆ ಹೊಂದದಿದ್ದರೆ, ಅದು ಹೊಂದುವ ಯಾರೋ ಸಭೆಯಲ್ಲಿ ಇರುತ್ತಾರೆ, ಅವರ ಪರವಾಗಿ ಓದಿ. ಬಳಿಕ ಸ್ವಂತ ಮಾತು ಬಂದರೆ ಸೇರಿಸಿ; ಬಾರದಿದ್ದರೆ ಆಮೆನ್ ಹೇಳಿ ಕೆಲಸಕ್ಕೆ ಹೋಗಿ.