79 ವರ್ಷದ ಅಜ್ಜಿಗೆ ಸೊಂಟದ ಮೂಳೆ ಮುರಿದಿದೆ. ಈ ವಯಸ್ಸಿಗೆ ಆಪರೇಷನ್ ಬೇಕಾ? ಸಂಶೋಧನೆಗಳು ಏನು ಹೇಳುತ್ತವೆ?

ನೀವು ಬರೆದಿರುವುದು ಇಷ್ಟು. ಅಜ್ಜಿ ನಿನ್ನೆ ಬೆಳಗ್ಗೆ ಬಚ್ಚಲಲ್ಲಿ ಜಾರಿ ಬಿದ್ದರು. ಅಲ್ಲಿಯವರೆಗೆ ಮನೆಯೊಳಗೆ ತಾವೇ ಓಡಾಡಿಕೊಂಡು, ತಮ್ಮ ಕೆಲಸ ತಾವೇ ಮಾಡಿಕೊಂಡಿದ್ದರು. ಬಿಪಿ, ಶುಗರ್ ಎರಡೂ ಇವೆ. ಎಕ್ಸ್‌ರೇ ನೋಡಿದ ಡಾಕ್ಟರು ನಾಳೆಯೇ ಆಪರೇಷನ್ ಮಾಡೋಣ ಎಂದಿದ್ದಾರೆ. ನಿಮ್ಮ ದೊಡ್ಡಪ್ಪ ಮಾತ್ರ ಈ ವಯಸ್ಸಲ್ಲಿ ಕೊಯ್ಯಿಸುವುದು ಬೇಡ, ಪುತ್ತೂರು ಕಟ್ಟು ಹಾಕಿಸೋಣ ಎಂದು ಪಟ್ಟು ಹಿಡಿದಿದ್ದಾರೆ.

ನಾನು ಡಾಕ್ಟರ್ ಅಲ್ಲ. ಆಸ್ಪತ್ರೆಯೊಂದರ ಮೂಳೆ ವಿಭಾಗದಲ್ಲಿ ರಿಸರ್ಚ್ ಕೋಆರ್ಡಿನೇಟರ್. ಮೂಳೆ ಮುರಿದು ಬಂದವರನ್ನು ಅಧ್ಯಯನಕ್ಕೆ ಸೇರಿಸಿಕೊಳ್ಳುವುದು, ಆಮೇಲೆ ತಿಂಗಳಿಗೆ, ಆರು ತಿಂಗಳಿಗೆ, ವರ್ಷಕ್ಕೆ ಫೋನ್ ಮಾಡಿ ಹೇಗಿದ್ದಾರೆ ಎಂದು ಕೇಳಿ ಬರೆದುಕೊಳ್ಳುವುದು ನನ್ನ ಕೆಲಸ. ಹಾಗಾಗಿ ಅಜ್ಜಿಯ ಎಕ್ಸ್‌ರೇ ಬಗ್ಗೆ ನಾನು ಮಾತಾಡುವಂತಿಲ್ಲ. ಎಕ್ಸ್‌ರೇ ಆದ ಮೇಲೆ ಜನರ ಬದುಕು ಹೇಗೆ ಸಾಗುತ್ತದೆ ಎನ್ನುವುದನ್ನು ಹೇಳಬಲ್ಲೆ.

ನೇರ ಉತ್ತರ: ನೀವು ಹೇಳಿದ ಸ್ಥಿತಿಯಲ್ಲಿರುವವರಿಗೆ ಆಪರೇಷನ್ನೇ ಸರಿ. ಆದರೆ ಅದು ಮೂಳೆ ಕೂಡಿಸಲಿಕ್ಕೆ ಮಾತ್ರ ಅಂದುಕೊಳ್ಳಬೇಡಿ. ಅಜ್ಜಿಯನ್ನು ಹಾಸಿಗೆಯಿಂದ ಎಬ್ಬಿಸಲಿಕ್ಕೆ. ಇದು ತಲೆಯಲ್ಲಿ ಇದ್ದರೆ ಡಾಕ್ಟರ ಹತ್ತಿರ ನೀವು ಕೇಳುವ ಪ್ರಶ್ನೆಗಳೇ ಬೇರೆಯಾಗುತ್ತವೆ.

ದೊಡ್ಡಪ್ಪನ ಮಾತನ್ನು ಸುಮ್ನೆ ತಳ್ಳಿಹಾಕಬೇಡಿ. ಕೈ ಮುರಿದವರು ಕಟ್ಟು ಹಾಕಿಸಿಕೊಂಡು ವಾಸಿಯಾದದ್ದನ್ನು ಅವರು ನೋಡಿರುತ್ತಾರೆ. ಎಷ್ಟೋ ಮುರಿತಗಳು ಕೊಯ್ಯದೆಯೇ ಕೂಡುತ್ತವೆ ಎನ್ನುವುದು ನಿಜ ಕೂಡ. ಬ್ರಿಟನ್ನಿನ 32 ಆಸ್ಪತ್ರೆಗಳಲ್ಲಿ ಭುಜದ ಹತ್ತಿರ ತೋಳಿನ ಮೂಳೆ ಮುರಿದುಕೊಂಡಿದ್ದ 250 ಜನರ ಮೇಲೆ ಪ್ರೊಫರ್ ಎಂಬ ಅಧ್ಯಯನ ನಡೆಯಿತು. ಅರ್ಧ ಜನರಿಗೆ ಆಪರೇಷನ್, ಉಳಿದವರಿಗೆ ಬರೀ ಜೋಳಿಗೆ ಕಟ್ಟು ಮತ್ತು ವ್ಯಾಯಾಮ. ಎರಡು ವರ್ಷ ನೋಡಿದರೂ ಎರಡು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 2015ರಲ್ಲಿ ಇದು ಪ್ರಕಟವಾಯಿತು. ಮೂಳೆ ಡಾಕ್ಟರುಗಳೇ ಸೇರಿ ನಡೆಸಿದ ಅಧ್ಯಯನ ಅದು. ಸಂಶೋಧನೆ ಅಂದರೆ ಯಾವಾಗಲೂ ಆಪರೇಷನ್ ಪರ ಅಂತೇನೂ ಇಲ್ಲ.

ಸೊಂಟದ ಲೆಕ್ಕ ಬೇರೆ. ಮುರಿದಿರುವುದು ತೊಡೆಮೂಳೆಯ ತುದಿ. ಅದು ದಪ್ಪ ಮಾಂಸಖಂಡಗಳ ಒಳಗೆ ಆಳದಲ್ಲಿ ಇರುತ್ತದೆ. ಹೊರಗಿನಿಂದ ಎಷ್ಟು ಬಿಗಿಯಾಗಿ ಕಟ್ಟಿದರೂ ಆ ಜಾಗ ಅಲುಗಾಡದಂತೆ ಹಿಡಿಯಲು ಆಗುವುದಿಲ್ಲ. ಮುರಿತ ಮೂಳೆಯ ಕತ್ತಿನ ಭಾಗದಲ್ಲಿದ್ದು ಜರುಗಿದ್ದರೆ, ತುದಿಯ ಚೆಂಡಿನಂಥ ಭಾಗಕ್ಕೆ ಹೋಗುವ ರಕ್ತವೇ ನಿಂತುಹೋಗಬಹುದು. ರಕ್ತ ಇಲ್ಲದ ಕಡೆ ಮೂಳೆ ಕೂಡುವುದಾದರೂ ಹೇಗೆ? ಸ್ವಲ್ಪ ಕೆಳಗೆ ಮುರಿದಿದ್ದರೆ ಕೂಡುತ್ತದೆ. ಆದರೆ ಅದಕ್ಕೆ ವಾರಗಟ್ಟಲೆ ಅಲುಗಾಡದೆ ಮಲಗಬೇಕು. ಅಪಾಯ ಇರುವುದು ಆ ಮಲಗುವುದರಲ್ಲೇ. ಕಫ ಕಟ್ಟಿ ನ್ಯುಮೋನಿಯಾ, ಬೆನ್ನಿನಲ್ಲಿ ಹಾಸಿಗೆ ಹುಣ್ಣು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು, ಮೂತ್ರದ ಸೋಂಕು. ಇದರ ಜೊತೆಗೆ, ಮಲಗಿದ ಒಂದೊಂದು ದಿನವೂ ತೊಡೆಯ ಶಕ್ತಿ ಕರಗುತ್ತಾ ಹೋಗುತ್ತದೆ. ಸೊಂಟ ಮುರಿದ ವಯಸ್ಸಾದವರಲ್ಲಿ ಒಂದು ವರ್ಷದೊಳಗೆ ತೀರಿಕೊಳ್ಳುವವರು ಹೆಚ್ಚಿನ ಅಧ್ಯಯನಗಳಲ್ಲಿ ನೂರಕ್ಕೆ 20ರಿಂದ 30. ಹೆದರಿಸಲು ಹೇಳುತ್ತಿಲ್ಲ. ಆದರೆ ಆಪರೇಷನ್ ರಿಸ್ಕು, ಮನೆಯಲ್ಲಿ ಮಲಗಿಸಿದರೆ ಸೇಫು ಎಂಬ ಲೆಕ್ಕದಿಂದ ಮಾತು ಶುರುವಾದರೆ ಅದು ತಪ್ಪು ಲೆಕ್ಕ.

ಈಗ ನಾಳೆಯೇ ಯಾಕೆ ಎಂಬ ಪ್ರಶ್ನೆ. ಇದಕ್ಕೆ ಒಳ್ಳೆಯ ಅಧ್ಯಯನವಿದೆ. ಹೆಸರು ಹಿಪ್ ಅಟ್ಯಾಕ್. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದವರು ಮುಂದೆ ನಿಂತು ಮಾಡಿದ್ದು. 17 ದೇಶ, 69 ಆಸ್ಪತ್ರೆ, 2970 ರೋಗಿಗಳು. ಭಾರತದ ಆಸ್ಪತ್ರೆಗಳೂ ಇದ್ದವು. ಒಂದು ಗುಂಪಿಗೆ ಮುರಿತ ಗೊತ್ತಾಗಿ ಸುಮಾರು 6 ಗಂಟೆಯೊಳಗೆ ಆಪರೇಷನ್. ಇನ್ನೊಂದು ಗುಂಪಿಗೆ ಎಂದಿನಂತೆ, ಸುಮಾರು 24 ಗಂಟೆಗೆ. 2020ರಲ್ಲಿ ಫಲಿತಾಂಶ ಬಂತು. ಸಾವಿನ ಪ್ರಮಾಣ 9 ಮತ್ತು 10 ಶೇಕಡಾ, ವ್ಯತ್ಯಾಸ ಇಲ್ಲವೆಂದೇ ಹೇಳಬೇಕು. ದೊಡ್ಡ ತೊಡಕುಗಳು ಎರಡೂ ಕಡೆ ಶೇ 22. ಬೇಗ ಮಾಡಿಸಿಕೊಂಡವರಲ್ಲಿ ಕಡಿಮೆಯಾದದ್ದು ತಲೆ ಗೊಂದಲವಾಗಿ ಬಡಬಡಿಸುವ ಸ್ಥಿತಿ, ಅಂದರೆ ಡಿಲಿರಿಯಂ: ಶೇ 12ರಿಂದ 9ಕ್ಕೆ. ಅವರು ಬೇಗ ಎದ್ದು ನಿಂತರು, ಬೇಗ ಮನೆಗೂ ಹೋದರು.

ಇದನ್ನು ನಾನು ಓದುವುದು ಹೀಗೆ. ಮಧ್ಯರಾತ್ರಿಯೇ ಆಗಬೇಕು ಎಂದು ಡಾಕ್ಟರ ಮೇಲೆ ಕೂಗಾಡಬೇಕಿಲ್ಲ. ಆದರೆ ಅಲ್ಲಿ ಹೋಲಿಸಿದ್ದು 6 ಗಂಟೆಯನ್ನು 24 ಗಂಟೆಗೆ. ನಮ್ಮ ಕಡೆ ಮೊದಲು ಎಣ್ಣೆ ತಿಕ್ಕಿಸಿ, ಆಮೇಲೆ ಕಟ್ಟು ಹಾಕಿಸಿ, ಬೆಂಗಳೂರಿನ ಮಗ ಬರುವವರೆಗೆ ಕಾದು, ಐದನೇ ದಿನ ಕರೆತರುತ್ತಾರೆ. ಆ ಐದು ದಿನದ ತಡಕ್ಕೆ ಈ ಅಧ್ಯಯನ ಸಮಾಧಾನ ಹೇಳುವುದಿಲ್ಲ. ಬಿಪಿ, ಶುಗರ್ ಇವೆ ಎನ್ನುವುದೂ ಮುಂದೂಡಲು ಕಾರಣವಲ್ಲ. ಅವನ್ನು ಆಸ್ಪತ್ರೆಯಲ್ಲೇ ಹತೋಟಿಗೆ ತರುತ್ತಾರೆ. ಆಸ್ಪಿರಿನ್ ತೆಗೆದುಕೊಳ್ಳುತ್ತಿದ್ದಾರೆ ಎಂಬ ಒಂದೇ ಕಾರಣಕ್ಕೆ ಆಪರೇಷನ್ ತಡ ಮಾಡಬಾರದು ಎಂದು ಮಾರ್ಗಸೂಚಿಗಳೇ ಹೇಳುತ್ತವೆ. ರಕ್ತ ತೆಳು ಮಾಡುವ ಬೇರೆ ಮಾತ್ರೆ ಇದ್ದರೆ ಚೀಟಿಯನ್ನು ಈಗಲೇ ತೋರಿಸಿ.

ನನಗೆ ಎಲ್ಲಕ್ಕಿಂತ ಇಷ್ಟವಾದ ಕೆಲಸ ಬೇರೆ ಇದೆ. ಅದರಲ್ಲಿ ಹೊಸ ರಾಡ್ ಇಲ್ಲ, ಹೊಸ ಔಷಧ ಇಲ್ಲ, ಚೀಟಿ ಎತ್ತಿದಂತೆ ರೋಗಿಗಳನ್ನು ಎರಡು ಗುಂಪು ಮಾಡಿ ಹೋಲಿಸಿದ್ದೂ ಇಲ್ಲ. 2007ರಲ್ಲಿ ಬ್ರಿಟನ್ನಿನಲ್ಲಿ ಸೊಂಟ ಮುರಿದವರ ರಾಷ್ಟ್ರೀಯ ದಾಖಲೆ ಶುರು ಮಾಡಿದರು. ಎಷ್ಟು ಗಂಟೆಗೆ ಆಪರೇಷನ್ ಆಯಿತು, ವಯಸ್ಸಾದವರ ಫಿಸಿಷಿಯನ್ ನೋಡಿದರಾ, ಮುಂದೆ ಬೀಳದಂತೆ ಏನು ಮಾಡಿದಿರಿ ಎಂದು ಪ್ರತಿ ಆಸ್ಪತ್ರೆಯನ್ನೂ ಕೇಳಿದರು. ಆಸ್ಪತ್ರೆ ಆಸ್ಪತ್ರೆಯ ಅಂಕಿಗಳನ್ನು ಎಲ್ಲರ ಮುಂದೆ ಇಟ್ಟರು. 2010ರಿಂದ ಇನ್ನೊಂದು ಹೆಜ್ಜೆ. 36 ಗಂಟೆಯೊಳಗೆ ಆಪರೇಷನ್ ಮಾಡಿ, ಹಿರಿಯರ ತಜ್ಞರಿಂದ ತಪಾಸಣೆ ಮಾಡಿಸಿದ ಆಸ್ಪತ್ರೆಗೆ ಸರ್ಕಾರ ಹೆಚ್ಚಿನ ಹಣ ಕೊಡಲು ಶುರು ಮಾಡಿತು. ಇದರಲ್ಲಿ ಸೇರಿದ ಆಸ್ಪತ್ರೆಗಳಲ್ಲಿ 30 ದಿನದೊಳಗಿನ ಸಾವು 2007ರಲ್ಲಿ ಶೇ 10.9 ಇದ್ದದ್ದು 2011ಕ್ಕೆ ಶೇ 8.5ಕ್ಕೆ ಇಳಿಯಿತು. ಸರ್ಜನ್ನುಗಳು ಅವರೇ, ಮೂಳೆಯೂ ಅದೇ. ಬದಲಾದದ್ದು ಆಪರೇಷನ್ ಟೇಬಲ್ಲಿನ ಆಚೆಗಿನ ವ್ಯವಸ್ಥೆ.

ನಾರ್ವೆಯ ಟ್ರಾಂಡ್‌ಹೈಮ್‌ನಲ್ಲೂ 397 ಜನರ ಮೇಲೆ ಇದೇ ವಿಷಯವಾಗಿ ಪ್ರಯೋಗ ಮಾಡಿದರು. ಅರ್ಧ ಜನ ಮಾಮೂಲಿ ಮೂಳೆ ವಾರ್ಡಿನಲ್ಲಿ, ಅರ್ಧ ಜನ ಹಿರಿಯರ ತಜ್ಞರು ನೋಡಿಕೊಳ್ಳುವ ಹಿರಿಯರ ವಾರ್ಡಿನಲ್ಲಿ. ನಾಲ್ಕು ತಿಂಗಳಾದ ಮೇಲೆ ನಡೆಸಿ ನೋಡಿದರೆ ಹಿರಿಯರ ವಾರ್ಡಿನವರ ನಡಿಗೆ ಚೆನ್ನಾಗಿತ್ತು. ನಮ್ಮಲ್ಲಿ ಇಂಥ ವಾರ್ಡ್ ಸಿಗುವುದು ಅಪರೂಪ. ಆದರೆ ಫಿಸಿಷಿಯನ್ ಒಬ್ಬರು ದಿನಾ ಬಂದು ನೋಡುತ್ತಾರಾ, ಆಪರೇಷನ್ ಮರುದಿನ ಫಿಸಿಯೋಥೆರಪಿಸ್ಟ್ ಬಂದು ನಿಲ್ಲಿಸುತ್ತಾರಾ ಎಂದು ಕೇಳಬಹುದು. ಮರುದಿನ ಭಾನುವಾರವಾದರೆ ಯಾರು ನಿಲ್ಲಿಸುತ್ತಾರೆ ಎಂದೂ ಕೇಳಿ. ಅದು ಸಣ್ಣ ಪ್ರಶ್ನೆಯಲ್ಲ.

ಅರಿವಳಿಕೆ ಬಗ್ಗೆ ಮನೆಯವರಿಗೆ ಭಯ ಜಾಸ್ತಿ ಇರುತ್ತದೆ, ಅಲ್ವಾ? ಬೆನ್ನಿಗೆ ಸೂಜಿಯಾ, ಪೂರ್ತಿ ಮಲಗಿಸುವುದಾ ಎಂದು ಅಮೆರಿಕ, ಕೆನಡಾದಲ್ಲಿ 1600 ಜನರ ಮೇಲೆ ನೋಡಿದ್ದಾರೆ. 60 ದಿನಕ್ಕೆ ತೀರಿಕೊಂಡವರು ಅಥವಾ ತಾವಾಗಿ ನಡೆಯಲಾಗದವರು ಒಂದರಲ್ಲಿ ಶೇ 18.5, ಇನ್ನೊಂದರಲ್ಲಿ ಶೇ 18. ಅದನ್ನು ಅರಿವಳಿಕೆ ಡಾಕ್ಟರಿಗೇ ಬಿಡಿ. ಕೇಳಬೇಕಾದದ್ದು ನರ್ವ್ ಬ್ಲಾಕ್ ಬಗ್ಗೆ. ತೊಡೆಯ ಸಂದಿಯಲ್ಲಿ ಕೊಡುವ ಒಂದು ಇಂಜೆಕ್ಷನ್. ನೋವು ಬೇಗ ತಗ್ಗುತ್ತದೆ, ಡಿಲಿರಿಯಂ ಕೂಡ ಕಡಿಮೆಯಾಗುತ್ತದೆ. ಆಪರೇಷನ್‌ಗೆ ಮೊದಲೇ ಕೊಡಬಹುದು.

ಡಿಲಿರಿಯಂ ಆದರೆ ಗಾಬರಿಯಾಗಬೇಡಿ. ರಾತ್ರಿ ಇದ್ದಕ್ಕಿದ್ದಂತೆ ತೀರಿಹೋದ ಗಂಡನನ್ನು ಕರೆಯುತ್ತಾರೆ, ಡ್ರಿಪ್ ಕಿತ್ತು ಹಾಕುತ್ತಾರೆ, ನಿಮ್ಮನ್ನೇ ಯಾರು ಎಂದು ಕೇಳುತ್ತಾರೆ. ಅಜ್ಜಿಗೆ ತಲೆ ಕೆಟ್ಟಿತು ಎಂದು ಮನೆಯವರು ಅಳುವುದನ್ನು ವಾರ್ಡಿನಲ್ಲಿ ನೋಡುತ್ತಲೇ ಇರುತ್ತೇನೆ. ಹೆಚ್ಚಿನವರಲ್ಲಿ ಕೆಲವು ದಿನಗಳಲ್ಲಿ ಇಳಿಯುತ್ತದೆ. ಕನ್ನಡಕ ಹಾಕಿಸಿ, ಕಿವಿಯ ಮಷೀನ್ ಇದ್ದರೆ ಹಾಕಿಸಿ, ನೀರು ಕುಡಿಸಿ, ಹಗಲು ಕೂರಿಸಿ, ರಾತ್ರಿ ಪರಿಚಿತ ಮುಖವೊಂದು ಪಕ್ಕದಲ್ಲಿರಲಿ. ಒಬ್ಬರಾದ ಮೇಲೆ ಒಬ್ಬರು ನೆಂಟರು ಬಂದು ಬಾಳೆಹಣ್ಣು ಇಟ್ಟು ಹೋಗುವುದರಿಂದ ಏನೂ ಉಪಯೋಗವಿಲ್ಲ.

ಯಾವ ಇಂಪ್ಲಾಂಟ್, ಅಂದರೆ ಒಳಗೆ ಕೂರಿಸುವ ರಾಡ್ ಅಥವಾ ಕೀಲು, ಎಂಬ ವಿಷಯಕ್ಕೆ ಜನ ಇಡೀ ರಾತ್ರಿ ಗೂಗಲ್ ಮಾಡುತ್ತಾರೆ. ಅಷ್ಟು ಬೇಕಿಲ್ಲ. ತೊಡೆಮೂಳೆಯ ಕತ್ತಿನ ಮುರಿತವಾದರೆ ಅರ್ಧ ಕೀಲು ಬದಲಿಸುವುದೇ, ಪೂರ್ತಿ ಕೀಲು ಬದಲಿಸುವುದೇ ಎಂದು 10 ದೇಶಗಳಲ್ಲಿ 1495 ಜನರ ಮೇಲೆ ನೋಡಿದರು. ಎರಡು ವರ್ಷದಲ್ಲಿ ಮತ್ತೆ ಆಪರೇಷನ್ ಬೇಕಾದವರು ಪೂರ್ತಿಯಲ್ಲಿ ಶೇ 7.9, ಅರ್ಧದಲ್ಲಿ ಶೇ 8.3. ಅರ್ಧ ಕೀಲನ್ನು ಮೂಳೆಗೆಂದೇ ಇರುವ ಸಿಮೆಂಟ್ ಹಾಕಿ ಕೂರಿಸುವುದು ವಾಸಿ ಎಂದು 2022ರ ಬ್ರಿಟಿಷ್ ಅಧ್ಯಯನ ಹೇಳಿತು. ಸಿಮೆಂಟ್ ಇದ್ದವರಲ್ಲಿ ಆ ಕೀಲಿನ ಸುತ್ತ ಮತ್ತೆ ಮುರಿತವಾದದ್ದು ಶೇ 0.5, ಇಲ್ಲದವರಲ್ಲಿ ಶೇ 2.1. ಇಷ್ಟು ಸಾಕು. ಫಾರಿನ್ ಇಂಪ್ಲಾಂಟ್ ಹಾಕಿಸಲು ಸಾಲ ಮಾಡುವುದಕ್ಕಿಂತ ಆ ದುಡ್ಡನ್ನು ಮೂರು ತಿಂಗಳ ಫಿಸಿಯೋಥೆರಪಿಗೆ ಇಟ್ಟುಕೊಳ್ಳಿ ಎನ್ನುವುದು ನನ್ನ ಅಭಿಪ್ರಾಯ. ಆಯುಷ್ಮಾನ್ ಕಾರ್ಡ್ ಅಲ್ಲಿ ನಡೆಯುತ್ತದೆಯೇ ಎಂದು ಅಡ್ಮಿಷನ್‌ಗೆ ಮೊದಲೇ ವಿಚಾರಿಸಿ.

ಇಷ್ಟೆಲ್ಲ ಅಂಕಿ ಕೊಟ್ಟಿದ್ದೇನೆ, ಅದರ ಮಿತಿಯನ್ನೂ ಹೇಳಬೇಕು. ನಾವು ಫೋನಿನಲ್ಲಿ ಕೇಳುವ ಪ್ರಶ್ನೆಪಟ್ಟಿಗಳು ಹೆಚ್ಚಾಗಿ ಹೊರದೇಶದಲ್ಲಿ ತಯಾರಾದವು. ಮೆಟ್ಟಿಲು ಹತ್ತುತ್ತೀರಾ, ಸಾಕ್ಸ್ ಹಾಕಿಕೊಳ್ಳುತ್ತೀರಾ ಎಂದು ಇರುತ್ತದೆ. ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂರುತ್ತೀರಾ, ಕುಕ್ಕರುಗಾಲಿನಲ್ಲಿ ಕೂತು ಶೌಚಕ್ಕೆ ಹೋಗುತ್ತೀರಾ ಎಂದು ಇರುವುದಿಲ್ಲ. ನಮ್ಮ ಅಜ್ಜಿಯರಿಗೆ ಮುಖ್ಯವಾದದ್ದು ಅದೇ. ಇನ್ನೊಂದು ತೊಂದರೆ, ಫೋನ್ ನಂಬರು ಮಗನದ್ದಾಗಿರುತ್ತದೆ. 'ಚೆನ್ನಾಗಿದ್ದಾರೆ ಮೇಡಂ' ಅಂದುಬಿಡುತ್ತಾನೆ. ಅಮ್ಮನಿಗೆ ಕೊಡಿ ಎಂದರೆ ಬೇರೆಯೇ ಕಥೆ ಬರುತ್ತದೆ. ಆದ್ದರಿಂದ ಅರ್ಧ ಕೀಲು ಹಾಕಿದರೆ ಅಜ್ಜಿ ನೆಲದ ಮೇಲೆ ಕೂರಬಹುದೇ ಎಂದು ಆಪರೇಷನ್‌ಗೆ ಮೊದಲೇ ಕೇಳಿ. ಕೂರಬಾರದು ಎಂದರೆ ಕಮೋಡ್ ಕುರ್ಚಿ, ಬಚ್ಚಲಲ್ಲಿ ಹಿಡಿಕೆ, ಎತ್ತರದ ಮಂಚ ಇವೆಲ್ಲ ಅವರು ಮನೆಗೆ ಬರುವ ಮುಂಚೆ ಆಗಿರಬೇಕು.

ಆಪರೇಷನ್ ಬೇಡ ಎನ್ನುವುದು ಸರಿಯಾಗುವ ಸಂದರ್ಭವೂ ಇದೆ. ನೆದರ್‌ಲೆಂಡ್ಸ್‌ನಲ್ಲಿ ವೃದ್ಧಾಶ್ರಮಗಳಲ್ಲಿದ್ದ, ತುಂಬಾ ನಿತ್ರಾಣವಾಗಿದ್ದ 172 ಜನರ ವಿಷಯದಲ್ಲಿ ಡಾಕ್ಟರು, ರೋಗಿ, ಮನೆಯವರು ಕೂತು ಮಾತಾಡಿ ತೀರ್ಮಾನಿಸಿದರು. ಆಪರೇಷನ್ ಬೇಡ ಎಂದವರಲ್ಲಿ ತಿಂಗಳೊಳಗೆ ತೀರಿಕೊಂಡವರು ಶೇ 83. ಮಾಡಿಸಿಕೊಂಡವರಲ್ಲಿ ಶೇ 25. ಆದರೂ ಉಳಿದ ದಿನಗಳ ನೆಮ್ಮದಿಯಲ್ಲಿ ಆಪರೇಷನ್ ಬೇಡ ಎಂದವರು ಹಿಂದೆ ಬೀಳಲಿಲ್ಲ. ಅವರಿಗೆ ನೋವು ತಗ್ಗಿಸುವ ಆರೈಕೆ ಚೆನ್ನಾಗಿ ಸಿಕ್ಕಿತ್ತು. ಮೊದಲೇ ಹಾಸಿಗೆ ಹಿಡಿದಿದ್ದು, ಯಾರನ್ನೂ ಗುರುತಿಸದ ಹಿರಿಯರಿದ್ದರೆ ದೊಡ್ಡಪ್ಪನ ಮಾತಿಗೆ ತೂಕ ಬರುತ್ತಿತ್ತು. ನಿಮ್ಮ ಅಜ್ಜಿ ಮೊನ್ನೆಯವರೆಗೆ ನಡೆದಾಡುತ್ತಿದ್ದವರು. ಅವರಿಗೆ ಬುದ್ಧಿ ಸ್ಪಷ್ಟವಾಗಿದೆ ಎಂದೇ ತಿಳಿದಿದ್ದೇನೆ. ಹಾಗಿದ್ದರೆ ಒಮ್ಮೆ ಅವರನ್ನೂ ಕೇಳಿ. ನಿಮ್ಮ ಪ್ರಶ್ನೆಯಲ್ಲಿ ಎಲ್ಲರ ಅಭಿಪ್ರಾಯ ಇದೆ, ಅವರದೊಂದು ಬಿಟ್ಟು.

ಆಪರೇಷನ್ ಮುಗಿದ ಮೇಲೆ ಬಹಳ ಕಡೆ ಮರೆತುಹೋಗುವ ವಿಷಯ ಒಂದಿದೆ. ನಿಂತಲ್ಲಿಂದ ಬಿದ್ದರೆ ಗಟ್ಟಿ ಮೂಳೆ ಸಾಮಾನ್ಯವಾಗಿ ಮುರಿಯುವುದಿಲ್ಲ. ಮುರಿದಿದೆ ಅಂದರೆ ಮೂಳೆ ಟೊಳ್ಳಾಗಿರುವ ಸಾಧ್ಯತೆ ಹೆಚ್ಚು. ಇನ್ನೊಂದು ಸೊಂಟ ಉಳಿದಿದೆ, ನೆನಪಿರಲಿ. 2007ರ ಅಧ್ಯಯನವೊಂದರಲ್ಲಿ ಸೊಂಟದ ಆಪರೇಷನ್ ಆದ 2127 ಜನರಲ್ಲಿ ಅರ್ಧ ಜನಕ್ಕೆ ವರ್ಷಕ್ಕೊಮ್ಮೆ ಜೊಲೆಡ್ರಾನಿಕ್ ಆಸಿಡ್ ಎಂಬ, ಮೂಳೆ ಸವೆಯದಂತೆ ತಡೆಯುವ ಔಷಧದ ಡ್ರಿಪ್ ಕೊಟ್ಟರು. ಹೊಸ ಮುರಿತ ಶೇ 13.9 ಇದ್ದದ್ದು ಶೇ 8.6ಕ್ಕೆ ಇಳಿಯಿತು. ಸಾವೂ ಶೇ 13.3ರಿಂದ 9.6ಕ್ಕೆ ಇಳಿಯಿತು. ಹೀಗಿದ್ದೂ ಡಿಸ್ಚಾರ್ಜ್ ಚೀಟಿಯಲ್ಲಿ ಬರೀ ಕ್ಯಾಲ್ಸಿಯಂ ಮಾತ್ರೆ ಬರೆದಿರುವುದನ್ನು ಎಷ್ಟೋ ಸಲ ನೋಡುತ್ತೇನೆ. ಈ ಡ್ರಿಪ್ ಎಲ್ಲರಿಗೂ ಆಗುವುದಿಲ್ಲ. ಶುಗರ್ ಇರುವವರಿಗೆ ಕಿಡ್ನಿ ಹೇಗಿದೆ ಎಂದು ಮೊದಲು ನೋಡಬೇಕು. ಕ್ಯಾಲ್ಸಿಯಂ, ವಿಟಮಿನ್ ಡಿ ಸರಿಯಿರಬೇಕು, ಹಲ್ಲು ಕೀಳಿಸುವುದಿದ್ದರೆ ಅದು ಮುಗಿದಿರಬೇಕು. ಆಪರೇಷನ್ ಆಗಿ ಎರಡು ವಾರ ಕಳೆದ ಮೇಲೆ ಕೊಡುವುದು ಒಳ್ಳೆಯದು. ಹೊಲಿಗೆ ಬಿಚ್ಚಿಸಲು ಹೋಗುವುದೂ ಹೆಚ್ಚುಕಡಿಮೆ ಆಗಲೇ. ಅಂದೇ ಕ್ರಿಯಾಟಿನಿನ್ (ಕಿಡ್ನಿಯ ರಕ್ತಪರೀಕ್ಷೆ) ರಿಪೋರ್ಟ್ ಹಿಡಿದುಕೊಂಡು ಹೋಗಿ ಡಾಕ್ಟರನ್ನು ಕೇಳಿ.