ಎಂಜಿನ್ ಸದ್ದು ಕೇಳಿದಿರಿ, ಬ್ರೇಕಿನ ನಟ್ಟು ನೋಡಿದಿರಾ?

ಪ್ರಶ್ನೆ: ಕಾರಟಗಿಯ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ಗಂಗಾವತಿಯ ಕಾಲೇಜಿಗೆ ದಿನವೂ ಹೋಗಿಬರುವ ಮಗನಿಗೆಂದು 2016ರ ಮಾದರಿಯ 125 ಸಿಸಿ ಬೈಕೊಂದನ್ನು ನೋಡಿದ್ದೇನೆ. ಕೆಎ 34, ಅಂದರೆ ಬಳ್ಳಾರಿಯ ನೋಂದಣಿ. ಮೀಟರ್ 31,000 ಕಿ.ಮೀ. ತೋರಿಸುತ್ತದೆ, ಬೆಲೆ 24,000 ರೂಪಾಯಿ. ಎಂಜಿನ್ ಸದ್ದು ಚೆನ್ನಾಗಿದೆ, ಸಣ್ಣಪುಟ್ಟ ಕೆಲಸ ಮಾತ್ರ ಉಳಿದಿದೆ ಎನ್ನುತ್ತಾರೆ ಮಾರುವವರು. ಆರ್‌ಸಿ ಇನ್ನೂ ಮೊದಲ ಮಾಲೀಕರ ಹೆಸರಿನಲ್ಲಿದ್ದು, ಹೆಸರು ಬದಲಾವಣೆಗೆಂದು ಅವರು ಸಹಿ ಹಾಕಿಕೊಟ್ಟ ಖಾಲಿ ಫಾರಂಗಳಿವೆ. ಕೊಳ್ಳಬಹುದೇ?
— ಓದುಗರೊಬ್ಬರು, ಕಾರಟಗಿ

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ‘ಸಣ್ಣಪುಟ್ಟ ಕೆಲಸ’ ಎಂಬ ಮಾತು. ಗಾಡಿಯನ್ನು ಸರಿಯಾಗಿ ನೋಡಿಕೊಳ್ಳದವರು ಸಹ ಎಂಜಿನ್ ಕೆಟ್ಟರೆ ರಿಪೇರಿ ಮಾಡಿಸಲೇಬೇಕು, ಏಕೆಂದರೆ ಅದಿಲ್ಲದೆ ಗಾಡಿ ಮನೆಯಿಂದ ಹೊರಡುವುದಿಲ್ಲ; ಆದರೆ ಚಕ್ರವನ್ನು ಒಳಗಿನಿಂದ ಒತ್ತಿ ನಿಲ್ಲಿಸುವ ಬ್ರೇಕ್ ಶೂ, ಟೈರು, ಚೈನು, ಹ್ಯಾಂಡಲ್ ಸಲೀಸಾಗಿ ತಿರುಗಲು ಇರುವ ಬೇರಿಂಗ್ ಅಂದರೆ ಕೋನ್‌ಸೆಟ್ ಎಷ್ಟು ಸವೆದರೂ ಗಾಡಿ ಓಡುತ್ತಲೇ ಇರುವುದರಿಂದ ಆ ಕೆಲಸಗಳನ್ನು ತಿಂಗಳುಗಟ್ಟಲೆ ಮುಂದೂಡುತ್ತಾರೆ. ಎಂಜಿನ್ ಕೈಕೊಟ್ಟರೆ ನಿಮ್ಮ ಮಗ ರಸ್ತೆಬದಿಯಲ್ಲಿ ನಿಲ್ಲುತ್ತಾನೆ, ಅಷ್ಟೆ. ಸುಗ್ಗಿಯಲ್ಲಿ ಭತ್ತದ ಲಾರಿಗಳು ಸಾಲುಗಟ್ಟುವ ಆ ದಾರಿಯಲ್ಲಿ ಬ್ರೇಕ್ ಕೈಕೊಟ್ಟರೆ ಆಗುವುದೇ ಬೇರೆ.

ಆದ್ದರಿಂದ ಮೊದಲು ಹಿಂಚಕ್ರದ ಪಕ್ಕದಲ್ಲಿ ಕುಳಿತು ಬ್ರೇಕ್ ರಾಡಿನ ತುದಿಯನ್ನು ನೋಡಿ. ಅಲ್ಲಿರುವ ನಟ್ಟನ್ನು ಬಿಗಿ ಮಾಡುತ್ತಾ ಹೋಗಿ ರಾಡಿನ ಮೇಲಿನ ಸುರುಳಿ ಗೆರೆಗಳೆಲ್ಲ (ಮರೆಗಳೆಲ್ಲ) ಮುಗಿದಿದ್ದರೆ, ಒಳಗಿನ ಶೂ ಸವೆದು ಹೋಗಿದೆ ಎಂದೇ ತಿಳಿಯಬೇಕು. 125 ಸಿಸಿವರೆಗಿನ ಗಾಡಿಗಳಲ್ಲಿ ಒಂದು ಬ್ರೇಕ್ ಒತ್ತಿದರೆ ಎರಡೂ ಚಕ್ರಕ್ಕೆ ಹಿಡಿತ ಸಿಗುವ ಸಿಬಿಎಸ್ ವ್ಯವಸ್ಥೆ ಕಡ್ಡಾಯವಾದದ್ದು 2019ರ ಏಪ್ರಿಲ್‌ನಿಂದ. ನೀವು ನೋಡಿರುವುದು ಅದಕ್ಕಿಂತ ಹಳೆಯದಾದ್ದರಿಂದ ಹಿಂದಿನ ಮತ್ತು ಮುಂದಿನ ಬ್ರೇಕುಗಳೆರಡೂ ಪ್ರತ್ಯೇಕವಾಗಿ ಸರಿಯಿರಲೇಬೇಕು.

ಚೈನನ್ನು ಹಿಂದಿನ ಸ್ಪ್ರಾಕೆಟ್‌ನ (ಚೈನು ಕೂರುವ ಹಲ್ಲಿನ ಚಕ್ರದ) ತೀರ ಹಿಂಭಾಗದಲ್ಲಿ ಬೆರಳಿನಿಂದ ಹಿಡಿದು ನಿಮ್ಮತ್ತ ಎಳೆಯಿರಿ. ಹಲ್ಲಿನ ಅರ್ಧದಷ್ಟು ಭಾಗ ಕಣ್ಣಿಗೆ ಕಂಡರೆ ಆ ಚೈನು ಮುಗಿದಿದೆ. ಕೆಲವು ವರ್ಷಗಳ ಹಿಂದೆ ನಾನೇ ಈ ಪರೀಕ್ಷೆ ಮಾಡದೆ, ‘ಬಿಗಿ ಮಾಡಿದರೆ ಸಾಕು’ ಎಂಬ ಮಾತು ನಂಬಿ ಒಂದು ಹಳೆಯ ಗಾಡಿ ಕೊಂಡಿದ್ದೆ. ರಾಯಚೂರಿನಿಂದ ಮಾನ್ವಿಗೆ ಹೋಗುವಾಗ ಚೈನು ಕಳಚಿ ಸಿಕ್ಕಿಕೊಂಡು ಹಿಂಚಕ್ರ ನಿಂತೇಬಿಟ್ಟಿತು. ಉಬ್ಬು ದಾಟಲು ಆಗಷ್ಟೇ ವೇಗ ತಗ್ಗಿಸಿದ್ದರಿಂದ ಮೊಣಕೈ ತರಚಿದ್ದಷ್ಟೇ ನಷ್ಟ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳು ಅಚ್ಚಾಗಿರುತ್ತವೆ. 2316 ಎಂದಿದ್ದರೆ ಅದು 2016ರ 23ನೇ ವಾರದಲ್ಲಿ ತಯಾರಾದದ್ದು. ಗೀರು ಎಷ್ಟೇ ಆಳವಾಗಿ ಉಳಿದಿದ್ದರೂ, ನಮ್ಮ ಕಡೆಯ ಬೇಸಿಗೆಗಳನ್ನು ಅಷ್ಟು ವರ್ಷ ಕಂಡ ರಬ್ಬರು ಗಟ್ಟಿಯಾಗಿ, ಪಕ್ಕದಲ್ಲಿ ಬಿರುಕು ಬಿಟ್ಟು, ಒದ್ದೆ ರಸ್ತೆಯಲ್ಲಿ ಜಾರುತ್ತದೆ. ಆಮೇಲೆ ಗಾಡಿಯನ್ನು ದೊಡ್ಡ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಮುಂಚಕ್ರ ಎತ್ತಿ ಹ್ಯಾಂಡಲ್ ತಿರುಗಿಸಿದಾಗ ನಡುವೆ ಎಲ್ಲೋ ಕಚ್ಚಿದಂತೆ ತಡೆದರೆ ಕೋನ್‌ಸೆಟ್ ಹೋಗಿದೆ ಎಂದರ್ಥ.

ಇನ್ನು ಮೀಟರಿನ ವಿಷಯ. ಕೇಬಲ್ ಕಳಚಿಟ್ಟರೆ ಮೀಟರ್ ಮುಂದೆ ಹೋಗುವುದಿಲ್ಲ, ಆದರೆ ಕಾಲಿಡುವ ರಬ್ಬರು ಮತ್ತು ಗೇರಿನ ಪೆಡಲು ಸವೆಯುವುದು ನಿಲ್ಲುವುದಿಲ್ಲ. 31,000 ಕಿ.ಮೀ. ಮಾತ್ರ ಓಡಿದ ಗಾಡಿಯ ಪೆಡಲ್ ರಬ್ಬರು ಹರಿದು ಒಳಗಿನ ಕಬ್ಬಿಣ ಹೊಳೆಯುತ್ತಿದ್ದರೆ ನಾನು ಪೆಡಲನ್ನೇ ನಂಬುತ್ತೇನೆ. ಎಂಜಿನ್ ಸದ್ದನ್ನೂ ನೀವು ಕೇಳಿದ್ದು ಬಹುಶಃ ಅವರು ಬಿಸಿ ಮಾಡಿಟ್ಟ ಮೇಲೆ. ಬೆಳಿಗ್ಗೆ ಬೇಗ ಹೋಗಿ, ಎಂಜಿನ್ ತಣ್ಣಗಿದೆಯೆಂದು ಕೈಯಿಟ್ಟು ನೋಡಿಯೇ ಸ್ಟಾರ್ಟ್ ಮಾಡಿಸಿ. ನೀಲಿ ಹೊಗೆ ಬಂದರೆ ಅದು ಆಯಿಲ್ ಸುಡುತ್ತಿದೆ. ಗಾಡಿ ಬಳ್ಳಾರಿ, ಸಂಡೂರು ಕಡೆಯ ಗಣಿ ಧೂಳಿನಲ್ಲಿ ಓಡಿದ್ದರೆ ಏರ್ ಫಿಲ್ಟರ್ ಬಿಚ್ಚಿ ನೋಡುವುದು ಒಳ್ಳೆಯದು, ಏಕೆಂದರೆ ಫಿಲ್ಟರ್ ಹರಿದು ಧೂಳು ಒಳಹೊಕ್ಕರೆ ಸಿಲಿಂಡರೇ ಸವೆಯುತ್ತದೆ.

ಖಾಲಿ ಫಾರಂಗಳ ಬಗ್ಗೆ ನನಗೆ ಎಲ್ಲಕ್ಕಿಂತ ಹೆಚ್ಚು ಅಂಜಿಕೆ. 1988ರ ಮೋಟಾರು ವಾಹನ ಕಾಯ್ದೆಯ 50ನೇ ಕಲಮಿನ ಪ್ರಕಾರ ರಾಜ್ಯದೊಳಗೆ ಮಾರಿದವರು 14 ದಿನಗಳಲ್ಲಿ, ಕೊಂಡವರು 30 ದಿನಗಳಲ್ಲಿ ಮಾಲೀಕತ್ವದ ಬದಲಾವಣೆಯನ್ನು ಆರ್‌ಟಿಒಗೆ ತಿಳಿಸಬೇಕು. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಅಪಘಾತ ಪರಿಹಾರದ ಹೊಣೆಗೆ ಮಾಲೀಕರೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಹಾಗಾಗಿ ಆ ಮೊದಲ ಮಾಲೀಕರು ಹೆಸರು ಬದಲಿಸಲು ಖುದ್ದಾಗಿ ಬರುವುದು ಅವರ ಹಿತಕ್ಕೂ ಒಳ್ಳೆಯದೇ. ಅವರು ಸಿಗುವುದಿಲ್ಲ ಎಂದರೆ ಗಾಡಿ ಎಷ್ಟೇ ಚೆನ್ನಾಗಿದ್ದರೂ ಬಿಟ್ಟುಬಿಡಿ. ಸಿಕ್ಕರೆ, ಹ್ಯಾಂಡಲ್ ಕೆಳಗಿನ ಚೌಕಟ್ಟಿನಲ್ಲಿ ಕೊರೆದಿರುವ ಚಾಸಿಸ್ ನಂಬರನ್ನು ಆರ್‌ಸಿಯೊಂದಿಗೆ ಹೋಲಿಸಿ, ಆರ್‌ಸಿಯಲ್ಲಿ ಸಾಲದ ನಮೂದಿದ್ದರೆ ಅದನ್ನು ತೆಗೆಸಲು ಬೇಕಾದ ಫಾರಂ 35 ಮತ್ತು ಸಾಲ ಕೊಟ್ಟವರ ಪತ್ರವನ್ನು ಮೊದಲೇ ಕೇಳಿ, ವಿಮೆ ಜಾರಿಯಲ್ಲಿದೆಯೇ ಎಂದು ಸರ್ಕಾರದ ಪರಿವಾಹನ್ ಜಾಲತಾಣದಲ್ಲಿ ನೋಡಿ.

ಕಾಗದಪತ್ರ ಸರಿಯಿದ್ದರೆ ನಿಮಗೆ ಪರಿಚಯದ ಮೇಸ್ತ್ರಿಯೊಬ್ಬರನ್ನು ಕರೆದುಕೊಂಡು ಹೋಗಿ, ಟೈರು, ಚೈನು, ಶೂ, ಕೋನ್‌ಸೆಟ್‌ಗೆ ಆಗುವ ಖರ್ಚನ್ನು ಚೀಟಿಯಲ್ಲಿ ಬರೆಸಿ, 24,000ದಲ್ಲಿ ಅಷ್ಟನ್ನು ಕಳೆದು ಮಾತನಾಡಿ. ಆ ಕೆಲಸಗಳೆಲ್ಲ ಮುಗಿಯುವವರೆಗೆ ಮಗ ಬಸ್ಸಿನಲ್ಲೇ ಗಂಗಾವತಿಗೆ ಹೋಗಲಿ.